ಗ್ರೀನ್‌ಬ್ರಿಯರ್ ಹೋಟೆಲಿನೊಳಗಿನ ಆಸ್ಪತ್ರೆಯನ್ನು ನೋಡುವುದು ಹೇಗೆ

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿರುವ ಗ್ರೀನ್‌ಬ್ರಿಯರ್ ಹೋಟೆಲಿಗೆ ಹೋದ ನಮ್ಮವರು ಸಾಮಾನ್ಯವಾಗಿ ಎರಡು ಸಂಗತಿ ನೋಡಿಕೊಂಡು ಬರುತ್ತಾರೆ. ಒಂದು, ಬಣ್ಣ ತುಂಬಿದ ಲಾಬಿಗಳು. ಇನ್ನೊಂದು, ಅಣುಯುದ್ಧದ ಭಯಕ್ಕೆ ಗುಟ್ಟಾಗಿ ಕಟ್ಟಿದ ನೆಲದಡಿಯ ಬಂಕರ್. ಇವೆರಡರ ನಡುವೆ ಒಂದು ಆಸ್ಪತ್ರೆಯ ಕಥೆ ಇದೆ, ಅದನ್ನು ಹೆಚ್ಚಿನವರು ದಾಟಿಕೊಂಡು ಹೋಗಿಬಿಡುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಿಂದ 1946ರವರೆಗೆ, ಇದೇ ಕಟ್ಟಡ ಅಮೆರಿಕದ ಸೈನ್ಯದ ಆಶ್‌ಫೋರ್ಡ್ ಜನರಲ್ ಆಸ್ಪತ್ರೆಯಾಗಿತ್ತು. 2,000 ಹಾಸಿಗೆಗಳ ಆಸ್ಪತ್ರೆ. 24,148 ಸೈನಿಕರಿಗೆ ಇಲ್ಲಿ ಚಿಕಿತ್ಸೆ ಸಿಕ್ಕಿತು. 11,346 ಆಪರೇಷನ್‌ಗಳು ನಡೆದವು.

ನಾನು ನರ್ಸ್. ಹಾಸನದ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಕೆಲಸ ಶುರು ಮಾಡಿದವಳು, ಈಗ ವರ್ಜೀನಿಯಾದಲ್ಲಿದ್ದೇನೆ. ಗ್ರೀನ್‌ಬ್ರಿಯರ್ ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರ. ಹೋದವರೆಲ್ಲ "ಎಂಥಾ ಹೋಟೆಲ್!" ಅಂತಾರೆ. ನನಗೆ ಮಾತ್ರ ಅಲ್ಲಿ ಕಾಲಿಟ್ಟಾಗಲೆಲ್ಲ ಸ್ಟ್ರೆಚರ್ ಎಲ್ಲಿಂದ ಬಂತು, ಊಟದ ಟ್ರಾಲಿ ಯಾವ ಕಡೆ ಹೋಯಿತು, ರಾತ್ರಿ ಪಾಳಿಯವಳು ಎಷ್ಟು ಬಾಗಿಲು ತೆಗೆದು ನೋಡಬೇಕಿತ್ತು ಅನ್ನುವುದೇ ತಲೆಯಲ್ಲಿ ಓಡುತ್ತದೆ. ಆ ಕಣ್ಣಿನಿಂದ ನೋಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯಾದ ಬೇರೆ ಯಾವ ಹಳೆ ಹೋಟೆಲಿಗೂ ಈ ದಾರಿ ಹೊಂದುತ್ತದೆ.

ಹೊರಡುವ ಮೊದಲು ಎರಡೂ ಹೆಸರು ಗೊತ್ತಿರಲಿ

ಇದು ತುಂಬಾ ಮುಖ್ಯ. ಇಂಟರ್ನೆಟ್ಟಿನಲ್ಲಿ "ಗ್ರೀನ್‌ಬ್ರಿಯರ್" ಅಂತ ಹುಡುಕಿದರೆ ಗಾಲ್ಫ್, ಮದುವೆ, ರೂಮಿನ ಬಾಡಿಗೆ ಬರುತ್ತದೆ. ಆಸ್ಪತ್ರೆ ಬೇಕೆಂದರೆ "ಆಶ್‌ಫೋರ್ಡ್ ಜನರಲ್ ಹಾಸ್ಪಿಟಲ್" ಅಂತಲೇ ಹುಡುಕಬೇಕು. ಜೊತೆಗೆ ಊರಿನ ಹೆಸರು ವೈಟ್ ಸಲ್ಫರ್ ಸ್ಪ್ರಿಂಗ್ಸ್ ಸೇರಿಸಿ. ಸೈನ್ಯ ಹೋಟೆಲನ್ನು ಕೈಗೆ ತೆಗೆದುಕೊಂಡ ದಿನವೇ ಹೋಟೆಲಿನ ಹೆಸರು ಕಾಗದಪತ್ರದಿಂದ ಹೋಗುತ್ತಿತ್ತು. ಅದರ ಜಾಗದಲ್ಲಿ ತೀರಿಹೋದ ಒಬ್ಬ ಸೈನ್ಯದ ವೈದ್ಯರ ಹೆಸರು ಬರುತ್ತಿತ್ತು. ಫೋಟೊ, ವರದಿ, ರೋಗಿಗಳ ಪತ್ರ ಎಲ್ಲವೂ ಆ ಹೊಸ ಹೆಸರಿನಡಿಯೇ ಸಿಗುತ್ತವೆ.

ಆಶ್‌ಫೋರ್ಡ್ ಯಾರು ಅಂತಲೂ ತಿಳಿದುಕೊಂಡು ಹೋಗಿ. ಡಾ. ಬೇಲಿ ಆಶ್‌ಫೋರ್ಡ್ 1873ರಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡರು. ಪೋರ್ಟೊ ರಿಕೊ ದ್ವೀಪದಲ್ಲಿ ಬಡ ಕೂಲಿಕಾರರು ಬಿಳಿಚಿಕೊಂಡು, ಕೈಲಾಗದೆ ಸಾಯುತ್ತಿದ್ದರು. ಆ ರಕ್ತಹೀನತೆಗೆ ಕಾರಣ ಕೊಕ್ಕೆಹುಳ ಅಂತ 1899ರಲ್ಲಿ ಕಂಡುಹಿಡಿದವರು ಇವರು. ಬರಿಗಾಲಲ್ಲಿ ಕಾಫಿ ತೋಟದಲ್ಲಿ ದುಡಿಯುವವರ ಪಾದದಿಂದ ಹುಳ ಒಳಗೆ ಹೋಗುತ್ತಿತ್ತು. ಮಲೆನಾಡಿನ ಕಾಫಿ ಸೀಮೆಯ ಪಕ್ಕದಲ್ಲೇ ಬೆಳೆದ ನನಗೆ ಇದು ದೂರದ ಕಥೆ ಅನ್ನಿಸಲಿಲ್ಲ. ನಮ್ಮಲ್ಲೂ ಶಾಲೆಗಳಲ್ಲಿ ಹುಳದ ಮಾತ್ರೆ ಕೊಡುವುದು ಇದೇ ಕಾಯಿಲೆಗೂ ಸೇರಿಸಿ ಅಲ್ವಾ? ಯುದ್ಧದ ಗಾಯಾಳುಗಳ ಆಸ್ಪತ್ರೆಗೆ ಬಡವರ ಹೊಟ್ಟೆಹುಳದ ವೈದ್ಯರ ಹೆಸರಿಟ್ಟರು. ನನಗೆ ಆ ಆಯ್ಕೆ ಬಹಳ ಇಷ್ಟ.

ಕಟ್ಟಡದ ವಯಸ್ಸು ತಲೆಯಲ್ಲಿಟ್ಟುಕೊಳ್ಳಿ

ಇಲ್ಲಿ ಒಂದರ ಮೇಲೊಂದು ಕಾಲ ಕೂತಿದೆ. ಅದು ಕಲಸಿಹೋದರೆ ನೋಡಿದ್ದೆಲ್ಲ ಗೊಂದಲವಾಗುತ್ತದೆ.

ಈ ಜಾಗ ಶುರುವಾಗಿದ್ದೇ ಕಾಯಿಲೆ ವಾಸಿಮಾಡಿಕೊಳ್ಳುವ ಜಾಗವಾಗಿ. ಗಂಧಕದ ನೀರಿನ ಬುಗ್ಗೆ ಇದೆ. 1778ರಿಂದಲೇ ಕೀಲುನೋವಿನವರು ಇಲ್ಲಿಗೆ ಬರುತ್ತಿದ್ದರು ಎಂಬುದು ಊರಿನ ಮಾತು. 1858ರಲ್ಲಿ ಒಂದು ದೊಡ್ಡ ಹೋಟೆಲ್ ಎದ್ದಿತು. ಜನ ಅದನ್ನು "ಓಲ್ಡ್ ವೈಟ್" ಅಂತ ಕರೆದರು. ಕೆಲವೇ ವರ್ಷದಲ್ಲಿ ಅಮೆರಿಕದ ಅಂತರ್ಯುದ್ಧ ಬಂತು, ಆ ಹೋಟೆಲ್ ಕೂಡ ಆಸ್ಪತ್ರೆಯಾಗಿ ಬಳಕೆಯಾಯಿತು. 1863ರ ಆಗಸ್ಟ್‌ನಲ್ಲಿ ಊರಿನ ಹತ್ತಿರವೇ ಒಂದು ಕದನ ನಡೆಯಿತು. ಅಂದರೆ ಇಲ್ಲಿ ಹೋಟೆಲ್ ಆಸ್ಪತ್ರೆಯಾಗಿದ್ದು 1942ರಲ್ಲಿ ಮೊದಲ ಸಲ ಅಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ.

1869ರಲ್ಲಿ ಚೆಸಾಪೀಕ್ ಅಂಡ್ ಒಹಾಯೊ ರೈಲು ಇಲ್ಲಿಗೆ ಮುಟ್ಟಿತು. 1910ರಲ್ಲಿ ಆ ರೈಲ್ವೆ ಕಂಪನಿಯೇ ಇಡೀ ಆಸ್ತಿ ಕೊಂಡುಕೊಂಡಿತು. 1913ರಲ್ಲಿ ಈಗಿನ ಗ್ರೀನ್‌ಬ್ರಿಯರ್ ತೆರೆಯಿತು. ಓಲ್ಡ್ ವೈಟ್ ಅನ್ನು 1922ರಲ್ಲಿ ಕೆಡವಿದರು. 1930-31ರಲ್ಲಿ ಹೊಸ ಹೋಟೆಲನ್ನು ಎರಡು ಪಟ್ಟು ದೊಡ್ಡದು ಮಾಡಿ 580 ರೂಮಿಗೆ ತಂದರು. ನೀವು ಈಗ ಎದುರಿನಿಂದ ನೋಡುವ ಬಿಳಿ ಕಂಬಗಳ ಭಾರೀ ಮುಖ ಹೆಚ್ಚುಕಡಿಮೆ ಗಾಯಾಳು ಸೈನಿಕರು ಕಂಡ ಮುಖವೇ.

ಆಸ್ಪತ್ರೆಗೆ ಮೊದಲು ಇನ್ನೊಂದು ವಿಚಿತ್ರ ಅಧ್ಯಾಯ ಇದೆ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ಆದ ಮೇಲೆ ಶತ್ರುದೇಶಗಳ ರಾಯಭಾರಿಗಳನ್ನು ಎಲ್ಲಾದರೂ ಇಡಬೇಕಿತ್ತು. ಅವರನ್ನು ಇಲ್ಲಿ ಇಟ್ಟರು. ಜರ್ಮನ್, ಇಟಾಲಿಯನ್, ಹಂಗೇರಿಯನ್ನರು, ಆಮೇಲೆ ಜಪಾನಿಯರು, ಮನೆಮಂದಿ ಸಮೇತ. ಹೊರಗೆ ಕಾವಲು, ಒಳಗೆ ಹೋಟೆಲಿನ ಊಟ. ಸುಮಾರು ಏಳು ತಿಂಗಳು ಹೀಗೇ ನಡೆಯಿತು. ಅವರ ಬದಲಿಗೆ ಅಮೆರಿಕದ ರಾಯಭಾರಿಗಳು ವಾಪಸ್ ಬಂದ ಮೇಲೆ ಹೋಟೆಲ್ ಖಾಲಿಯಾಯಿತು. 1942ರ ಸೆಪ್ಟೆಂಬರ್‌ನಲ್ಲಿ ಸೈನ್ಯ ಸುಮಾರು 33 ಲಕ್ಷ ಡಾಲರ್ ಕೊಟ್ಟು ಇದನ್ನು ತೆಗೆದುಕೊಂಡಿತು. ನವೆಂಬರ್ ಹೊತ್ತಿಗೆ ರೋಗಿಗಳು ಬರತೊಡಗಿದರು.

ಈ ವೇಗ ನೋಡಿ. ಒಂದು ಹೊಸ ವಾರ್ಡ್ ತೆರೆಯಲು ನಮ್ಮ ಕಡೆ ಎಷ್ಟು ತಿಂಗಳು ಮೀಟಿಂಗ್ ಆಗುತ್ತದೆ ಅಂತ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಇಲ್ಲಿ ಎರಡೇ ತಿಂಗಳಲ್ಲಿ ಒಂದು ಆಸ್ಪತ್ರೆ ನಿಂತಿತು. ಅದು ಹೇಗೆ ಸಾಧ್ಯವಾಯಿತು ಅನ್ನುವ ಪ್ರಶ್ನೆ ಇಟ್ಟುಕೊಂಡೇ ಕಟ್ಟಡದ ಹತ್ತಿರ ಹೋಗಿ.

ರೈಲು ನಿಲ್ದಾಣದಿಂದ ಶುರು ಮಾಡಿ

ಕಾರು ನಿಲ್ಲಿಸಿ ಸೀದಾ ಲಾಬಿಗೆ ಹೋಗಬೇಡಿ. ಹೋಟೆಲಿನ ಗೇಟಿಗೆ ಎದುರಾಗಿ, ರಸ್ತೆಯ ಆಚೆ ಬದಿಗೆ ರೈಲು ನಿಲ್ದಾಣ ಇದೆ. ಅಲ್ಲಿಗೆ ಹೋಗಿ ನಿಲ್ಲಿ. ಈಗಲೂ ವಾಷಿಂಗ್ಟನ್ ಮೇಲೆ ಷಿಕಾಗೊಗೆ ಹೋಗುವ "ಕಾರ್ಡಿನಲ್" ರೈಲು ವಾರಕ್ಕೆ ಮೂರು ದಿನ ಇಲ್ಲಿ ನಿಲ್ಲುತ್ತದೆ. ಸಮಯ ಇದ್ದರೆ ರೈಲಿನಲ್ಲೇ ಬನ್ನಿ. ಗಾಯಾಳುಗಳು ಬಂದ ದಾರಿಯ ಅಂದಾಜು ಅದರಿಂದ ಸಿಗುವಷ್ಟು ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಒಂದು ಮ್ಯಾಪ್ ತೆಗೆದು ಈ ರೈಲು ಮಾರ್ಗವನ್ನು ಪೂರ್ವಕ್ಕೆ ಬೆರಳಲ್ಲಿ ಹಿಡಿದು ಹೋಗಿ. ಕ್ಲಿಫ್ಟನ್ ಫೋರ್ಜ್, ಚಾರ್ಲಟ್ಸ್‌ವಿಲ್, ರಿಚ್ಮಂಡ್, ಕೊನೆಗೆ ನ್ಯೂಪೋರ್ಟ್ ನ್ಯೂಸ್. ಅದು ಬಂದರು. ಯುದ್ಧಕ್ಕೆ ಸೈನಿಕರು ಹಡಗು ಹತ್ತಿದ್ದು, ಗಾಯಗೊಂಡು ಹಡಗಿಳಿದಿದ್ದು ಅಂಥ ಬಂದರುಗಳಲ್ಲಿ. ಹಡಗಿಳಿಸಿದ ಸ್ಟ್ರೆಚರ್ ಅನ್ನು ಆಸ್ಪತ್ರೆ ರೈಲಿಗೆ ಹತ್ತಿಸಿದರೆ ಮತ್ತೆ ಇಳಿಸುವುದು ಹೋಟೆಲಿನ ಗೇಟಿನೆದುರು. ಕಾಲು ಮುರಿದವನನ್ನು ಒಂದು ಸಲ ಜಾಸ್ತಿ ಎತ್ತಿಳಿಸಿದರೂ ಎಷ್ಟು ನರಳುತ್ತಾನೆ ಅಂತ ವಾರ್ಡಿನಲ್ಲಿದ್ದವರಿಗೆ ಗೊತ್ತು. ರೈಲ್ವೆ ಕಂಪನಿ ಶ್ರೀಮಂತರನ್ನು ಕರೆತರಲಿಕ್ಕೆ ಹಳಿಯ ಪಕ್ಕದಲ್ಲೇ ಹೋಟೆಲ್ ಕಟ್ಟಿತು. ಆಸ್ಪತ್ರೆಗೆ ಆ ಒಂದು ಅನುಕೂಲ ಪುಕ್ಕಟೆಯಾಗಿ ಸಿಕ್ಕಿತು.

ನಿಲ್ದಾಣದಿಂದ ಹೋಟೆಲ್ ಬಾಗಿಲವರೆಗೆ ಸುಮ್ನೆ ಒಂದು ಸಲ ನಡೆಯಿರಿ. ಎಲ್ಲಿ ಏರು ಇದೆ, ಎಲ್ಲಿ ಮೆಟ್ಟಿಲು ಇದೆ ಗಮನಿಸಿ. ಗಾಲಿಕುರ್ಚಿ ತಳ್ಳಿ ಅಭ್ಯಾಸ ಇರುವವರಿಗೆ ಮೆಟ್ಟಿಲು ತಾನಾಗಿ ಕಣ್ಣಿಗೆ ಬೀಳುತ್ತದೆ. ಇಲ್ಲದವರು ಪ್ರಯತ್ನಪಟ್ಟು ನೋಡಬೇಕು.

ರೂಮು ಬಿಟ್ಟು ಅಡುಗೆಮನೆ ಲೆಕ್ಕ ಹಾಕಿ

ಹೋಟೆಲನ್ನು ಆಸ್ಪತ್ರೆ ಮಾಡುವುದಕ್ಕೆ ರೂಮುಗಳು ಇದ್ದವಲ್ಲ, ಹಾಸಿಗೆ ಹಾಕಿದರಾಯಿತು ಅಂತ ಅನ್ನಿಸಬಹುದು. ನಿಜ ಹೇಳಬೇಕೆಂದರೆ ರೂಮುಗಳೇ ದೊಡ್ಡ ತೊಂದರೆ. ಆಗಿನ ಸೈನ್ಯದ ಆಸ್ಪತ್ರೆಗಳ ವಾರ್ಡ್ ಅಂದರೆ ಒಂದೇ ಉದ್ದ ಹಾಲ್, ಎರಡು ಸಾಲು ಹಾಸಿಗೆ. ನಮ್ಮ ಜಿಲ್ಲಾ ಆಸ್ಪತ್ರೆಗಳ ಹಳೆ ವಾರ್ಡೂ ಹಾಗೇ. ಒಂದು ತುದಿಯಲ್ಲಿ ಕೂತ ನರ್ಸಿಗೆ ಎಲ್ಲರೂ ಕಾಣುತ್ತಾರೆ. ಯಾರಿಗೆ ಉಸಿರು ಕಟ್ಟಿತು, ಯಾರ ಬ್ಯಾಂಡೇಜು ಕೆಂಪಾಯಿತು, ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೋಟೆಲಿನಲ್ಲಿ ಗೋಡೆ, ಬಾಗಿಲು, ಮತ್ತೆ ಗೋಡೆ. ಗಾಯಾಳು ಬಾಗಿಲಿನ ಹಿಂದೆ ಇರುತ್ತಾನೆ.

ಒಂದು ಸಣ್ಣ ಭಾಗಾಕಾರ ಮಾಡಿ. 580 ರೂಮು, 2,000 ಹಾಸಿಗೆ. ಸಭಾಂಗಣ, ಊಟದ ಹಾಲ್ ಎಲ್ಲ ಬಿಟ್ಟು ನೋಡಿದರೂ ಒಂದೊಂದು ರೂಮಿಗೆ ಮೂರರಿಂದ ನಾಲ್ಕು ಹಾಸಿಗೆ ಬೀಳುತ್ತದೆ. ಈ ಲೆಕ್ಕ ಇಟ್ಟುಕೊಂಡು ಮೇಲಿನ ಮಹಡಿಯ ಒಂದು ಕಾರಿಡಾರಿನಲ್ಲಿ ನಿಂತು ನೋಡಿ. ಅಷ್ಟುದ್ದದ ಕಾರಿಡಾರು, ಎರಡು ಕಡೆ ಮುಚ್ಚಿದ ಬಾಗಿಲು. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ಪ್ರತಿ ಬಾಗಿಲೂ ತೆರೆದು, ನಾಲ್ಕು ಜನರ ಉಸಿರು ಕೇಳಿ, ಮುಚ್ಚಿ, ಮುಂದಿನ ಬಾಗಿಲಿಗೆ ಹೋಗಬೇಕು. ಕಾರ್ಪೆಟ್ಟಿನ ಚಂದ ನೋಡುತ್ತಾ ನಡೆಯುವ ಬದಲು ಒಂದು ಸಲ ಬಾಗಿಲು ಎಣಿಸುತ್ತಾ ನಡೆಯಿರಿ. ಆಸ್ಪತ್ರೆ ಕಾಣಲು ಶುರುವಾಗುತ್ತದೆ.

ಹಾಗಿದ್ದರೆ ಸೈನ್ಯಕ್ಕೆ ಹೋಟೆಲ್ ಯಾಕೆ ಬೇಕಿತ್ತು? ಕಣ್ಣಿಗೆ ಕಾಣದ ಭಾಗಕ್ಕೆ. ನೂರಾರು ಜನಕ್ಕೆ ಹೊತ್ತುಹೊತ್ತಿಗೆ ಊಟ ಹಾಕುವ ಅಡುಗೆಮನೆ ಆಗಲೇ ಇತ್ತು. ದಿನಾ ರಾಶಿ ಬೆಡ್‌ಶೀಟ್ ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ಇತ್ತು. ಚಳಿಗಾಲಕ್ಕೆ ಕಟ್ಟಡ ಬೆಚ್ಚಗಿಡುವ ವ್ಯವಸ್ಥೆ, ಲಿಫ್ಟು, ನೀರು, ಕೊಳಾಯಿ ಎಲ್ಲ ಇತ್ತು. ಹೊಸ ಆಸ್ಪತ್ರೆ ಕಟ್ಟುವಾಗ ವರ್ಷಗಟ್ಟಲೆ ಹಿಡಿಯುವುದು ಇವೇ. ಹಾಸಿಗೆ ತರಿಸುವುದು ಒಂದು ವಾರದ ಕೆಲಸ. ಕಟ್ಟಡದ ಹಿಂಬದಿಗೆ ಹೋದಾಗ ಚಿಮಣಿ, ಸಾಮಾನು ಇಳಿಸುವ ಬಾಗಿಲು, ಕೆಲಸಗಾರರು ಓಡಾಡುವ ದಾರಿ ಎಲ್ಲಿವೆ ಅಂತ ನೋಡಿ. ಅತಿಥಿಗಳಿಗೆ ಬಿಡದ ಜಾಗಕ್ಕೆ ನುಗ್ಗಬೇಡಿ, ಹೊರಗಿನಿಂದ ಕಂಡಷ್ಟು ಸಾಕು.

ಕೆಲಸದವರ ವಿಷಯ ಬಂತು, ಹಾಗಾಗಿ ಒಂದು ಮಾತು. ಊರಿನ ಹತ್ತಿರವೇ ಯುದ್ಧಕೈದಿಗಳ ಶಿಬಿರ ಇತ್ತು, ಕ್ಯಾಂಪ್ ಆಶ್‌ಫೋರ್ಡ್ ಅಂತ. ಅಲ್ಲಿನ ಜರ್ಮನ್ ಕೈದಿಗಳು ಆಸ್ಪತ್ರೆಯ ಆವರಣದಲ್ಲಿ ದುಡಿದರು. ಜರ್ಮನ್ ಗುಂಡಿನಿಂದ ಗಾಯಗೊಂಡವರು ಕಿಟಕಿಯಿಂದ ನೋಡಿದರೆ ಹುಲ್ಲು ಕತ್ತರಿಸುತ್ತಿದ್ದವನು ಜರ್ಮನ್ ಇದ್ದಿರಬಹುದು. ಗೈಡ್‌ಗಳನ್ನು ಈ ಬಗ್ಗೆ ಕೇಳಿ. ಕೇಳದಿದ್ದರೆ ಹೆಚ್ಚಾಗಿ ಹೇಳುವುದಿಲ್ಲ.

ಅಂಕಿಗಳನ್ನು ವಾರ್ಡಿನ ಲೆಕ್ಕಕ್ಕೆ ಇಳಿಸಿ

24,148 ಅಂತ ಓದಿದರೆ ಏನೂ ಅನ್ನಿಸುವುದಿಲ್ಲ. ಅದನ್ನು ಒಡೆದು ನೋಡಬೇಕು. ರೋಗಿಗಳು ಬರತೊಡಗಿದ್ದು 1942ರ ನವೆಂಬರ್‌ನಲ್ಲಿ, ಆಸ್ಪತ್ರೆ ಮುಚ್ಚಿದ್ದು 1946ರ ಜೂನ್ 30ಕ್ಕೆ. ಹತ್ತಿರಹತ್ತಿರ 1,300 ದಿನ. 11,346 ಆಪರೇಷನ್ ಅಂದರೆ ಭಾನುವಾರವೂ ಸೇರಿ ದಿನಕ್ಕೆ ಎಂಟೊಂಬತ್ತು. ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವರನ್ನು ಕೇಳಿ, ಇದು ತಮಾಷೆಯಲ್ಲ.

ಇನ್ನೊಂದು ಭಾಗಾಕಾರ ನನಗೆ ಇದಕ್ಕಿಂತ ಮುಖ್ಯ. 24,148 ರೋಗಿಗಳನ್ನು 2,000 ಹಾಸಿಗೆಗೆ ಹಂಚಿ. ಒಂದು ಹಾಸಿಗೆಯಲ್ಲಿ ಆ 1,300 ದಿನದಲ್ಲಿ ಹನ್ನೆರಡು ಜನ ಮಲಗಿ ಎದ್ದರು. ಹಾಸಿಗೆಗಳೆಲ್ಲ ಸದಾ ತುಂಬಿದ್ದವು ಅಂತ ಇಟ್ಟುಕೊಂಡರೆ ಒಬ್ಬೊಬ್ಬನಿಗೂ ಮೂರು ತಿಂಗಳು ದಾಟುತ್ತದೆ. ಎಲ್ಲ ತುಂಬಿರಲಿಲ್ಲ, ಆದ್ದರಿಂದ ಅಷ್ಟು ಆಗದಿರಬಹುದು. ಆದರೂ ವಾರ ಹತ್ತು ದಿನದಲ್ಲಿ ಮನೆಗೆ ಕಳಿಸುವ ಆಸ್ಪತ್ರೆ ಇದಾಗಿರಲಿಲ್ಲ ಎಂಬುದು ಸ್ಪಷ್ಟ. ಇಲ್ಲಿ ಬಂದವರು ಬಹುಕಾಲ ಇರುತ್ತಿದ್ದರು.

ಯಾಕೆ ಅಷ್ಟು ದಿನ?

ಈ ಹೋಟೆಲಿನ ಆಸ್ಪತ್ರೆ ಕಥೆಯ ತಿರುಳು ಇಲ್ಲಿದೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಸೈನ್ಯ ರಕ್ತನಾಳದ ಗಾಯಗಳಿಗಾಗಿ ಅಮೆರಿಕದಲ್ಲಿ ಮೂರು ವಿಶೇಷ ಕೇಂದ್ರ ಮಾಡಿತ್ತು. ಕ್ಯಾಲಿಫೋರ್ನಿಯಾದ ಡಿವಿಟ್, ಇಲಿನಾಯ್‌ನ ಮೇಯೊ ಜನರಲ್, ಮತ್ತೆ ಆಶ್‌ಫೋರ್ಡ್. ಇಲ್ಲಿ ಆ ವಿಭಾಗ ನೋಡಿಕೊಂಡವರು ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಸರ್ಜನ್ ಡಾ. ಡೇನಿಯಲ್ ಎಲ್ಕಿನ್.

ಗುಂಡೋ ಬಾಂಬಿನ ಚೂರೋ ತೊಡೆಯಲ್ಲಿ ಹಾದುಹೋಯಿತು ಅಂತಿಟ್ಟುಕೊಳ್ಳಿ. ಹೃದಯದಿಂದ ರಕ್ತ ಒಯ್ಯುವ ನಾಳ, ವಾಪಸ್ ತರುವ ನಾಳ ಎರಡೂ ಅಕ್ಕಪಕ್ಕ ಇರುತ್ತವೆ. ಎರಡಕ್ಕೂ ತೂತು ಬಿದ್ದು, ಗಾಯ ಮಾಯುವಾಗ ಅವೆರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಗ ರಕ್ತ ಪಾದಕ್ಕೆ ಹೋಗದೆ ಅಡ್ಡದಾರಿಯಲ್ಲಿ ಹೃದಯಕ್ಕೆ ಮರಳುತ್ತದೆ. ಮೇಲೆ ಚರ್ಮ ಮಾಯ್ದಿರುತ್ತದೆ, ಆದರೆ ಕೈಯಿಟ್ಟರೆ ಒಳಗೆ ಝುಂಯ್ ಅಂತ ಕಂಪನ. ಸ್ಟೆತಸ್ಕೋಪ್ ಇಟ್ಟರೆ ಮೊರೆತ ಕೇಳುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯಲ್ಲಿ ಡಾಕ್ಟರು ಬೇಕೆಂದೇ ಮಾಡುವ ಫಿಸ್ಟುಲಾ ನಿಮ್ಮ ಮನೆಯವರಲ್ಲಿ ಯಾರಿಗಾದರೂ ಇದ್ದರೆ, ಅವರ ಅನುಮತಿ ಕೇಳಿ ಅದರ ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿ. ಅದೇ ಕಂಪನ. ಇಲ್ಲಿನ ಸೈನಿಕರಿಗೆ ಅದು ತೊಡೆಯಲ್ಲಿ, ಕುತ್ತಿಗೆಯಲ್ಲಿ, ಮೊಣಕಾಲ ಹಿಂದೆ ಇತ್ತು. ಹಗಲೂ ರಾತ್ರಿ.

ಇದನ್ನು ಆಪರೇಷನ್ ಮಾಡಿ ಕಟ್ಟಬೇಕು. ಆದರೆ ದೊಡ್ಡ ನಾಳವನ್ನು ಕೂಡಲೇ ಕಟ್ಟಿಬಿಟ್ಟರೆ ಕಾಲಿಗೆ ರಕ್ತ ಇಲ್ಲದೆ ಕಾಲೇ ಹೋಗಬಹುದು. ಅದಕ್ಕೆ ಆಗಿನ ಸರ್ಜನ್‌ಗಳು ಕಾಯುತ್ತಿದ್ದರು. ಸುತ್ತಲಿನ ಸಣ್ಣ ಸಣ್ಣ ನಾಳಗಳು ದಪ್ಪವಾಗಿ, ಪರ್ಯಾಯ ದಾರಿ ತಯಾರಾಗುವವರೆಗೆ ತಿಂಗಳುಗಟ್ಟಲೆ ಕಾದು, ಆಮೇಲೆ ಕತ್ತಿ ಹಿಡಿಯುತ್ತಿದ್ದರು.

ಈಗ ಹೇಳಿ, ಕಾಯುವ ಈ ತಿಂಗಳುಗಳಲ್ಲಿ ಆ ಹುಡುಗನಿಗೆ ಏನು ಬೇಕು? ಅವನು ಹಾಸಿಗೆ ಹಿಡಿದಿಲ್ಲ. ಓಡಾಡಬಲ್ಲ. ಮನೆಗೆ ಕಳಿಸುವಂತಿಲ್ಲ, ಡಾಕ್ಟರ ಕಣ್ಣೆದುರೇ ಇರಬೇಕು. ಮನಸ್ಸು ಕೆಡದಂತೆ ದಿನ ಕಳೆಯಬೇಕು. ಇಲ್ಲಿ ಈಜುಕೊಳ, ಟೆನಿಸ್, ಗಾಲ್ಫ್ ಮೈದಾನ, ಬೆಟ್ಟದ ಗಾಳಿ ಎಲ್ಲ ರೋಗಿಗಳಿಗೆ ಬಿಟ್ಟಿದ್ದರು. ಆಗಿನ ಪತ್ರಿಕೆಗಳು ಇದನ್ನು ಸೈನಿಕರ ಸ್ವರ್ಗ ಅನ್ನುವ ಧಾಟಿಯಲ್ಲಿ ಹೊಗಳಿದವು. ಓದಿದವರಿಗೆ ಇದು ಬಹುಮಾನದ ರಜೆ ಅನ್ನಿಸಿರಬಹುದು. ನನ್ನ ಪ್ರಕಾರ ರೆಸಾರ್ಟು ಚಿಕಿತ್ಸೆಯ ಒಂದು ಭಾಗವೇ ಆಗಿತ್ತು. ಕಾಯುವುದೇ ಮದ್ದಾದಾಗ, ಕಾಯಲು ಯೋಗ್ಯವಾದ ಜಾಗ ಆಪರೇಷನ್ ಥಿಯೇಟರಿನಷ್ಟೇ ಮುಖ್ಯ.

ಒಳಗೆ ಎಲ್ಲಿ ನಿಲ್ಲಬೇಕು

ಮೊದಲು ಒಳಾಂಗಣದ ಈಜುಕೊಳ. ಹೋಟೆಲಿನ ಹಳೆಯ ಭಾಗಗಳಲ್ಲಿ ಅದೂ ಒಂದು, ಹೆಂಚು ಹಾಸಿದ ಉದ್ದನೆಯ ಕೊಳ. ನೀರಿನಲ್ಲಿ ಕಾಲಿಗೆ ಭಾರ ಬೀಳುವುದಿಲ್ಲ, ಬತ್ತಿದ ಸ್ನಾಯುಗಳಿಗೆ ವ್ಯಾಯಾಮ ಸಿಗುತ್ತದೆ. ಫಿಸಿಯೋಥೆರಪಿಯವರು ಇವತ್ತೂ ಅದನ್ನೇ ಹೇಳುತ್ತಾರೆ. ಅಂಚಿನಲ್ಲಿ ನಿಂತು, ಮೆಟ್ಟಿಲು ಎಲ್ಲಿ ಇಳಿಯುತ್ತದೆ, ಹಿಡಿದುಕೊಳ್ಳಲು ಕಂಬಿ ಎಲ್ಲಿದೆ ಅಂತ ನೋಡಿ.

ಆಮೇಲೆ ಹೊರಗೆ ಬುಗ್ಗೆಯ ಮಂಟಪಕ್ಕೆ ಹೋಗಿ. ಬಿಳಿ ಕಂಬ, ಮೇಲೆ ಗುಮ್ಮಟ. ಗಂಧಕದ ವಾಸನೆ ಕೊಳೆತ ಮೊಟ್ಟೆಯ ಹಾಗೆ ಮೂಗಿಗೆ ಬಡಿಯುತ್ತದೆ. ಅದರ ಹತ್ತಿರವೇ ಪ್ರೆಸಿಡೆಂಟ್ಸ್ ಕಾಟೇಜ್ ಎಂಬ 1835ರ ಮನೆ ಇದೆ, ಈಗ ಅದು ಸಣ್ಣ ಮ್ಯೂಸಿಯಂ. ತೆರೆದಿದ್ದರೆ ಬಿಡಬೇಡಿ.

ಲಾಬಿಗಳಲ್ಲಿ ಗುಲಾಬಿ, ಹಸಿರು, ದೊಡ್ಡ ದೊಡ್ಡ ಹೂವಿನ ಪರದೆ, ಚೆಸ್ ಮಣೆಯಂಥ ನೆಲ ನೋಡುತ್ತೀರಿ. ಇದೆಲ್ಲ ಆಸ್ಪತ್ರೆಯ ನಂತರ ಬಂದದ್ದು. ರೈಲ್ವೆ ಕಂಪನಿ 1946ರಲ್ಲಿ ಹೋಟೆಲನ್ನು ವಾಪಸ್ ಕೊಂಡ ಮೇಲೆ ಡೊರೊತಿ ಡ್ರೇಪರ್ ಎಂಬ ಅಲಂಕಾರಗಾರ್ತಿಯನ್ನು ಕರೆಸಿತು. 1948ರಲ್ಲಿ ಹೋಟೆಲ್ ಮತ್ತೆ ತೆರೆಯಿತು. ಇಷ್ಟು ಗಾಢ ಬಣ್ಣ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಸುಮಾರು ನಾಲ್ಕು ವರ್ಷ ಡೆಟಾಲ್ ವಾಸನೆಯ ಆಸ್ಪತ್ರೆಯಾಗಿದ್ದ ಕಟ್ಟಡಕ್ಕೆ ಅತಿಥಿಗಳನ್ನು ಮತ್ತೆ ಕರೆಯಬೇಕಿದ್ದರೆ ನಾನೂ ಹೂವು ತುಂಬುತ್ತಿದ್ದೆ. ಗಾಯಾಳುಗಳ ಗುರುತನ್ನು ಅಳಿಸಿದ್ದು ಈ ಬಣ್ಣವೇ. ಹಾಗಾಗಿ ಗೋಡೆ ಬಿಟ್ಟು ಕಟ್ಟಡದ ಮೂಳೆ ನೋಡಿ: ಬಾಗಿಲಿನ ಅಗಲ, ಲಿಫ್ಟಿನ ಜಾಗ, ಕಾರಿಡಾರಿನ ತಿರುವು.

ಪ್ರಸಿದ್ಧರ ಹೆಸರೂ ಕೇಳುತ್ತೀರಿ. ಐಸೆನ್‌ಹೋವರ್ ಇಲ್ಲಿಗೆ ಬಂದಿದ್ದರು. ಜಪಾನಿನ ಸೆರೆಯಲ್ಲಿ ಮೂರು ವರ್ಷಕ್ಕಿಂತ ಜಾಸ್ತಿ ಕಳೆದ ಜನರಲ್ ವೈನ್‌ರೈಟ್ ಚೇತರಿಸಿಕೊಂಡದ್ದೂ ಇಲ್ಲಿ. ಅವರ ಕಥೆ ಎಲ್ಲರೂ ಹೇಳುತ್ತಾರೆ, ಅದಕ್ಕೆ ನಾನು ಜಾಸ್ತಿ ಬರೆಯುವುದಿಲ್ಲ.

ಬಂಕರ್ ಟೂರ್ ತೆಗೆದುಕೊಳ್ಳುವವರು ಮೊಬೈಲು, ಕ್ಯಾಮೆರಾ ಒಳಗೆ ಒಯ್ಯುವಂತಿಲ್ಲ ಎಂಬುದು ತಿಳಿದಿರಲಿ. ಅಣುಯುದ್ಧವಾದರೆ ಅಮೆರಿಕದ ಸಂಸತ್ತನ್ನು ಇಲ್ಲಿಗೆ ತರುವ ಗುಟ್ಟಿನ ಯೋಜನೆ ಅದು. 1958ರಲ್ಲಿ ಕೆಲಸ ಶುರುವಾಗಿ, 1992ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಬಯಲು ಮಾಡುವವರೆಗೆ ಹೊರಗೆ ಗೊತ್ತಿರಲಿಲ್ಲ. ಒಳಗೆ ಹೋದಾಗ ಗೈಡ್ ಬಾಗಿಲಿನ ತೂಕ ಹೇಳುತ್ತಾರೆ, 25 ಟನ್. ನೀವು ಮಾತ್ರ ಅದರೊಳಗೆ ಮಾಡಿಟ್ಟಿದ್ದ ಆಪರೇಷನ್ ಕೋಣೆಯ ಬಗ್ಗೆ ಕೇಳಿ. ಮೇಲೆ ಮುಚ್ಚಿದ ಆಸ್ಪತ್ರೆಗೆ ನೆಲದಡಿ ಒಂದು ತುಂಡು ಉಳಿದಿತ್ತು. 1948ರಲ್ಲೇ ಹೋಟೆಲಿನ ಆವರಣದಲ್ಲಿ ಗ್ರೀನ್‌ಬ್ರಿಯರ್ ಕ್ಲಿನಿಕ್ ಕೂಡ ಶುರುವಾಯಿತು, ಕಂಪನಿಗಳ ದೊಡ್ಡ ಅಧಿಕಾರಿಗಳ ಆರೋಗ್ಯ ತಪಾಸಣೆಗೆ. ಇನ್ನು 2016ರ ಜೂನ್‌ನಲ್ಲಿ ಭಾರೀ ಪ್ರವಾಹ ಬಂದು ಊರು ಮುಳುಗಿದಾಗ, ಹೋಟೆಲ್ ಅತಿಥಿಗಳಿಗೆ ಬಾಗಿಲು ಮುಚ್ಚಿ ಮನೆ ಕಳೆದುಕೊಂಡವರಿಗೆ ರೂಮು ಕೊಟ್ಟಿತು.

ಹೋಟೆಲಿನಲ್ಲಿ ಉಳಿಯದವರಿಗೆ ಯಾವ ಭಾಗಕ್ಕೆ ಪ್ರವೇಶ ಇದೆ ಎಂಬುದು ಬದಲಾಗುತ್ತಿರುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ.

ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ

ಹೋಗಲಾಗದವರಿಗೂ ದಾರಿ ಇದೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಚಿತ್ರಸಂಗ್ರಹ ಪುಕ್ಕಟೆ ನೋಡಬಹುದು. ಗ್ರೀನ್‌ಬ್ರಿಯರ್ 1990ರಿಂದ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ. ಅಂಥ ಕಟ್ಟಡಗಳ ಬಗ್ಗೆ ಪಟ್ಟಿಗೆ ಸೇರಿಸುವಾಗ ಬರೆದ ದೀರ್ಘ ಅರ್ಜಿ ನ್ಯಾಷನಲ್ ಪಾರ್ಕ್ ಸರ್ವಿಸ್ ಬಳಿ ಇರುತ್ತದೆ. ಯಾವ ಭಾಗ ಯಾವಾಗ ಕಟ್ಟಿದ್ದು ಅಂತ ತಿಳಿಯಲು ಅದಕ್ಕಿಂತ ಒಳ್ಳೆಯದು ಇಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹಳೆ ಪೋಸ್ಟ್‌ಕಾರ್ಡ್. ಹಳೆ ಸಾಮಾನು ಮಾರುವ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ನಾಲ್ಕೈದು ಡಾಲರಿಗೆ ಸಿಗುತ್ತವೆ. ಮುಂಬದಿಯ ಚಿತ್ರ ನೋಡಿ ಕೊಳ್ಳಬೇಡಿ, ಹಿಂಬದಿ ಓದಿ. ನನ್ನ ಹತ್ತಿರ ಇರುವುದರ ಮೇಲೆ ಬೆರಳಾಡಿಸಿದರೆ ಬಟ್ಟೆಯ ಹಾಗೆ ತರಿತರಿ. 1930-40ರ ದಶಕದ ಕಾರ್ಡುಗಳ ಗುರುತು ಅದು. ಸ್ಟಾಂಪ್ ಅಂಟಿಸುವ ಮೂಲೆಯಲ್ಲಿ ಸ್ಟಾಂಪ್ ಇಲ್ಲ, ಪೆನ್ಸಿಲಿನಲ್ಲಿ "ಫ್ರೀ" ಅಂತ ಬರೆದಿದೆ. ಯುದ್ಧಕಾಲದಲ್ಲಿ ಸೈನಿಕರ ಪತ್ರಕ್ಕೆ ಅಂಚೆ ವೆಚ್ಚ ಇರಲಿಲ್ಲ, ಹಾಗೆ ಬರೆದರೆ ಸಾಕಿತ್ತು. ಮೇಲೆ ಅಂಚೆ ಮುದ್ರೆಯಲ್ಲಿ ತಿಂಗಳು, ವರ್ಷ. ಎಡಗಡೆ ಮೇಲೆ ಬರೆದ ಸೈನಿಕನ ಹುದ್ದೆ, ವಾರ್ಡ್ ನಂಬರು. ಚಿತ್ರದಲ್ಲಿ ಒಂದು ಕಿಟಕಿಗೆ ಗೀಟು ಎಳೆದು, ತನ್ನ ರೂಮು ಇದು ಅಂತ ತಾಯಿಗೆ ಬರೆದಿದ್ದಾನೆ. ಕಾಲಿನ ವಿಷಯ ಒಂದಕ್ಷರ ಇಲ್ಲ. ಊಟ ಚೆನ್ನಾಗಿದೆ, ಐಸ್‌ಕ್ರೀಂ ಕೊಡುತ್ತಾರೆ ಅಂತಿದೆ. ರೋಗಿಗಳು ಮನೆಗೆ ಫೋನ್ ಮಾಡಿ "ಏನಿಲ್ಲಮ್ಮ, ಆರಾಮಿದ್ದೀನಿ" ಅನ್ನುವುದನ್ನು ದಿನಾ ಕೇಳುವ ನನಗೆ ಅದು ಚೆನ್ನಾಗಿ ಅರ್ಥವಾಯಿತು. ಇಂಥ ಕಾರ್ಡು ಸಿಕ್ಕರೆ ವಾರ್ಡ್ ನಂಬರು, ಗುರುತು ಹಾಕಿದ ಕಿಟಕಿ, ದಿನಾಂಕ ಮೂರನ್ನೂ ಬರೆದಿಟ್ಟುಕೊಳ್ಳಿ. ಹೆಸರನ್ನು ಮಾತ್ರ ಎಲ್ಲೂ ಹಾಕಬೇಡಿ. ಅವನ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ.

ಬೇರೆ ಹೋಟೆಲುಗಳಿಗೆ

ಇದೇ ಕ್ರಮದಲ್ಲಿ ಹುಡುಕಲು ಕೆಲವು ಜೋಡಿ ಹೆಸರು ಕೊಡುತ್ತೇನೆ. ಫ್ಲೋರಿಡಾದ ಪಾಮ್ ಬೀಚಿನ "ಬ್ರೇಕರ್ಸ್" ಹೋಟೆಲ್ ಯುದ್ಧಕಾಲದಲ್ಲಿ ರೀಮ್ ಜನರಲ್ ಆಸ್ಪತ್ರೆ ಆಯಿತು. ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನ "ಎಲ್ ಮಿರಡೋರ್" ಟಾರ್ನಿ ಜನರಲ್ ಆಯಿತು. ಪಸಡೀನಾದ "ವಿಸ್ಟಾ ಡೆಲ್ ಅರೋಯೊ" ಮೆಕಾರ್ನಾಕ್ ಜನರಲ್ ಆಯಿತು. ಫ್ಲೋರಿಡಾದ ಕೋರಲ್ ಗೇಬಲ್ಸ್‌ನ "ಬಿಲ್ಟ್‌ಮೋರ್" 1942ರಲ್ಲಿ ಆಸ್ಪತ್ರೆಯಾಗಿ, 1968ರವರೆಗೆ ಆಸ್ಪತ್ರೆಯಾಗಿಯೇ ಉಳಿಯಿತು. ಅದು ಮತ್ತೆ ಹೋಟೆಲಾದದ್ದು 1987ರಲ್ಲಿ.

ಭಾರತದ ಎಳೆ ಬೇಕೆಂದರೆ ಮೊದಲ ಮಹಾಯುದ್ಧಕ್ಕೆ ಹೋಗಬೇಕು. ಮುಂಬೈಯ ತಾಜ್ ಮಹಲ್ ಹೋಟೆಲ್ ಆಗ 600 ಹಾಸಿಗೆಯ ಆಸ್ಪತ್ರೆಯಾಗಿತ್ತು. ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್ ಎಂಬ ಸಣ್ಣ ಊರಿನಲ್ಲಿ ಬಾಮರ್ ಲಾನ್ ಮತ್ತು ಫಾರೆಸ್ಟ್ ಪಾರ್ಕ್ ಎಂಬ ಎರಡು ಹೋಟೆಲುಗಳು 1914-15ರಲ್ಲಿ ಫ್ರಾನ್ಸಿನ ರಣರಂಗದಿಂದ ತಂದ ಭಾರತೀಯ ಸೈನಿಕರಿಗೆ ಆಸ್ಪತ್ರೆಯಾದವು. ಲಂಡನ್ ಕಡೆ ಇರುವ ಕನ್ನಡಿಗರು ರೈಲಿನಲ್ಲಿ ಹೋಗಿಬರಬಹುದಾದ ಊರು ಅದು. ಹೋದವರು ಮೊದಲು ನಿಲ್ದಾಣದಿಂದ ಹೋಟೆಲಿಗೆ ಎಷ್ಟು ದೂರ ಅಂತ ಅಳೆಯಿರಿ, ಆಮೇಲೆ ಬಾಗಿಲು ಎಣಿಸಿ. ಅಲ್ಲಿ ನೀವು ಕಂಡದ್ದನ್ನು ಯಾರಾದರೂ ಕನ್ನಡದಲ್ಲಿ ಬರೆದರೆ ನಾನು ಖಂಡಿತ ಓದುತ್ತೇನೆ.